ಸ್ನಾಯು, ಮೂಳೆಗಳಿಗೆ ಹೊರೆಯ ಸುದ್ದಿ ತಲುಪುವ ಬಗೆ

ಜಿನನಾಥಪುರ, ಶ್ರವಣಬೆಳಗೊಳ ಹಾಗೂ ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ,

ಮನುಷ್ಯನ ಸ್ನಾಯು ಮತ್ತು ಮೂಳೆ ಬೆಳೆದು ನಿಂತ ಮೇಲೂ ಬದಲಾಗುತ್ತಲೇ ಇರುತ್ತವೆ. ಸ್ನಾಯುವಿನ ಪ್ರೋಟೀನಿನಲ್ಲಿ ಪ್ರತಿದಿನ ಶೇ. 1ರಿಂದ 2ರಷ್ಟು ಒಡೆದು ಹೋಗುತ್ತದೆ, ಅಷ್ಟೇ ಹೊಸದಾಗಿ ಸೇರುತ್ತದೆ. ದೊಡ್ಡವರ ಮೂಳೆಯಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಹಳೆಯದು ಕರಗಿ ಹೊಸದು ಕಟ್ಟಿಕೊಳ್ಳುತ್ತದೆ. ಒಡೆಯುವುದಕ್ಕಿಂತ ಕಟ್ಟುವುದು ಹೆಚ್ಚಾದರೆ ಮೈ ತುಂಬಿಕೊಳ್ಳುತ್ತದೆ, ಕಡಿಮೆಯಾದರೆ ಸೊರಗುತ್ತದೆ. ಈ ಲೆಕ್ಕ ಯಾವ ಕಡೆಗೆ ವಾಲಬೇಕೆಂದು ಜೀವಕೋಶಗಳಿಗೆ ತಿಳಿಸುವ ಪ್ರೋಟೀನುಗಳಿಗೆ ಗ್ರೋತ್ ಫ್ಯಾಕ್ಟರ್ ಅಥವಾ ಬೆಳವಣಿಗೆಯ ಅಂಶಗಳು ಎಂದು ಹೆಸರು. ಒಂದು ಜೀವಕೋಶ ಇವನ್ನು ಹೊರಗೆ ಬಿಡುತ್ತದೆ. ಇನ್ನೊಂದರ ಮೈಮೇಲಿರುವ ಗ್ರಾಹಕಕ್ಕೆ ಇವು ಹೋಗಿ ಅಂಟುತ್ತವೆ. ಗ್ರಾಹಕ ಆ ಸುದ್ದಿಯನ್ನು ಒಳಗೆ ದಾಟಿಸುತ್ತದೆ. ಕೆಲವು ಅಂಶಗಳು ಬೆಳೆ ಎನ್ನುತ್ತವೆ, ಕೆಲವು ಸಾಕು ನಿಲ್ಲಿಸು ಎನ್ನುತ್ತವೆ. ಎರಡನೆಯ ಬಗೆಯವು ಮೊದಲನೆಯವುಗಳಷ್ಟೇ ಮುಖ್ಯ.

ಬೆಳೆಸುವ ಅಂಶಗಳಲ್ಲಿ ಮೊದಲು ಹೇಳಬೇಕಾದದ್ದು ಐಜಿಎಫ್-1. ಇನ್ಸುಲಿನ್ನಿನ ರಚನೆಗೆ ಹತ್ತಿರವಾದ, 70 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನು ಅದು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಬೆಳವಣಿಗೆಯ ಹಾರ್ಮೋನೇ ನೇರವಾಗಿ ಮೂಳೆ ಬೆಳೆಸುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. 1957ರಲ್ಲಿ ಸ್ಯಾಮನ್ ಮತ್ತು ಡಾಹಡೇ ಎಂಬ ವಿಜ್ಞಾನಿಗಳು ಇಲಿಯ ಮೃದ್ವಸ್ಥಿಯನ್ನು ಗಾಜಿನ ತಟ್ಟೆಯಲ್ಲಿಟ್ಟು ಆ ಹಾರ್ಮೋನನ್ನು ಹಾಕಿ ನೋಡಿದರು. ಮೃದ್ವಸ್ಥಿ ಹೆಚ್ಚೇನೂ ಸ್ಪಂದಿಸಲಿಲ್ಲ. ಆರೋಗ್ಯವಂತ ಇಲಿಯ ರಕ್ತದ ಸೀರಮ್ ಹಾಕಿದಾಗ ಬೆಳವಣಿಗೆಯ ಲಕ್ಷಣ ಕಾಣಿಸಿತು. ಅಂದರೆ ಹಾರ್ಮೋನಿಗೂ ಮೂಳೆಗೂ ನಡುವೆ ರಕ್ತದಲ್ಲಿ ಇನ್ನೊಂದು ವಸ್ತು ಇತ್ತು. ಅದೇ ಮುಂದೆ ಐಜಿಎಫ್ ಎನಿಸಿಕೊಂಡಿತು. ಅದರ ಬಹುಪಾಲು ಪಿತ್ತಜನಕಾಂಗದಲ್ಲಿ ತಯಾರಾಗುತ್ತದೆ. ಸ್ನಾಯು ಮತ್ತು ಮೂಳೆಯೂ ತಮ್ಮ ಪಾಲಿನದನ್ನು ತಾವೇ ತಯಾರಿಸಿಕೊಳ್ಳುತ್ತವೆ. 1999ರಲ್ಲಿ, ಪಿತ್ತಜನಕಾಂಗದಲ್ಲಿ ಮಾತ್ರ ಐಜಿಎಫ್-1 ತಯಾರಾಗದಂಥ ಇಲಿಗಳನ್ನು ರೂಪಿಸಿದಾಗ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಮುಕ್ಕಾಲು ಪಾಲು ಇಳಿಯಿತು. ಆದರೂ ಇಲಿಗಳು ಬಹುಮಟ್ಟಿಗೆ ಸರಿಯಾಗಿಯೇ ಬೆಳೆದವು. ಆಯಾ ಜಾಗದಲ್ಲಿ, ಆಯಾ ಕೆಲಸಕ್ಕೆ ತಕ್ಕಂತೆ ಹುಟ್ಟುವ ಐಜಿಎಫ್-1ಗೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ಗೊತ್ತಾಯಿತು.

ಗ್ರಾಹಕಕ್ಕೆ ಐಜಿಎಫ್-1 ತಗುಲಿದ ಮೇಲೆ ಸ್ನಾಯುಕೋಶದ ಒಳಗೆ ಎಕೆಟಿ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಎಕೆಟಿ ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಎಂಟಾರ್ ಎಂಬ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸಿ ಹೊಸ ಪ್ರೋಟೀನಿನ ತಯಾರಿಕೆಯನ್ನು ಹೆಚ್ಚಿಸುವುದು ಒಂದು. ಫಾಕ್ಸೋ ಎಂಬ ಪ್ರೋಟೀನನ್ನು ಕೋಶಕೇಂದ್ರದಿಂದ ಹೊರಗೆ ಇಡುವುದು ಇನ್ನೊಂದು. ಫಾಕ್ಸೋ ಕೋಶಕೇಂದ್ರಕ್ಕೆ ಹೊಕ್ಕರೆ ಅಟ್ರೋಜಿನ್-1, ಮರ್ಫ್-1 ಎಂಬ ಎರಡು ಜೀನ್‌ಗಳು ತೆರೆದುಕೊಳ್ಳುತ್ತವೆ, ಸ್ನಾಯುವಿನ ಪ್ರೋಟೀನಿಗೆ ಒಡೆಯಬೇಕಾದದ್ದು ಎಂಬ ಗುರುತು ಬೀಳುತ್ತದೆ. ಈ ಎರಡು ಜೀನ್‌ಗಳ ಪಾತ್ರ ತಿಳಿದದ್ದು 2001ರಲ್ಲಿ. ಹಾಸಿಗೆ ಹಿಡಿದವರ ತೊಡೆ ತೆಳ್ಳಗಾಗುವುದು, ದೊಡ್ಡ ಕಾಯಿಲೆಯ ನಂತರ ಮೈ ಇಳಿಯುವುದು ಬಹುಪಾಲು ಇದೇ ದಾರಿಯಲ್ಲಿ. ದಮ್ಮಿಗೋ ಗಂಟುನೋವಿಗೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲೂ ಇದೇ ಆಗುತ್ತದೆ. ಸ್ಟೀರಾಯ್ಡ್ ಫಾಕ್ಸೋವನ್ನು ಬಲಪಡಿಸುತ್ತದೆ, ಜೊತೆಗೆ ಮೂಳೆ ಕಟ್ಟುವ ಕೋಶಗಳನ್ನೂ ಕುಗ್ಗಿಸುತ್ತದೆ. ಚೀಟಿಯಿಲ್ಲದೆ ಸಿಗುವ, ಒಳಗೇನಿದೆ ಎಂದು ಬರೆದಿರದ ಗಂಟುನೋವಿನ ಪುಡಿ ತಿಂದು ‘ಎರಡೇ ದಿನಕ್ಕೆ ನೋವು ಹೋಯ್ತು’ ಎನ್ನುವ ಅಜ್ಜಿಯ ತೋಳು ತೊಡೆಗಳನ್ನು ಮುಟ್ಟಿ ನೋಡುವುದು ಇದಕ್ಕಾಗಿಯೇ ಅಗತ್ಯ. ಆದರೆ ಅಂಥ ಔಷಧಿಯನ್ನು ತಟ್ಟನೆ ಬಿಡಿಸುವುದೂ ಅಪಾಯ. ಹಂತಹಂತವಾಗಿ ಇಳಿಸುವುದು ವೈದ್ಯರ ಕೆಲಸ.

ಇನ್ನು ತಡೆಯುವ ಅಂಶ. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸೆ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮ್ಯಾಕ್‌ಫೆರನ್ ಒಂದು ಹೊಸ ಜೀನ್ ಕಂಡುಹಿಡಿದರು. ಅದನ್ನು ತೆಗೆದುಹಾಕಿದ ಇಲಿಗಳ ಸ್ನಾಯುಗಳು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ದಪ್ಪವಾದವು. ಆ ಜೀನ್ ತಯಾರಿಸುವ ಪ್ರೋಟೀನಿಗೆ ಮಯೋಸ್ಟಾಟಿನ್ ಎಂದು ಹೆಸರಾಯಿತು. ಸ್ನಾಯು ಅತಿಯಾಗಿ ಬೆಳೆಯದಂತೆ ಸ್ನಾಯುವೇ ತನಗೆ ಹಾಕಿಕೊಳ್ಳುವ ಮಿತಿ ಅದು. ಅದೇ ವರ್ಷ, ತೊಡೆ ಬೆನ್ನುಗಳಲ್ಲಿ ಮಾಂಸ ಉಬ್ಬಿ ನಿಲ್ಲುವ ಬೆಲ್ಜಿಯನ್ ಬ್ಲೂ ದನಗಳಲ್ಲಿ ಈ ಜೀನ್ ಕೆಟ್ಟಿರುವುದು ಪತ್ತೆಯಾಯಿತು. ಆ ತಳಿಯ ಕರುಗಳು ಎಷ್ಟು ದಪ್ಪವೆಂದರೆ ಬಹುತೇಕ ಹೆರಿಗೆಗಳು ಸಿಸೇರಿಯನ್ ಆಗಬೇಕಾಗುತ್ತದೆ. ಉಳುವುದಕ್ಕೂ ಗಾಡಿಗೂ ಹೆಸರಾದ ಹಳ್ಳಿಕಾರ್ ದನಗಳನ್ನು ನೋಡಿ ಬೆಳೆದ ಈ ಸೀಮೆಯವರಿಗೆ ಅಂಥ ಮೈಕಟ್ಟು ಸೊಗಸಾಗಿ ಕಾಣಲಾರದು. ಮಿತಿ ಇರುವುದಕ್ಕೆ ಕಾರಣವಿದೆ: ಸ್ನಾಯು ಸಾಕಲು ದುಬಾರಿಯಾದ ಅಂಗ, ಸುಮ್ಮನಿದ್ದರೂ ಅನ್ನ ಕೇಳುತ್ತದೆ. ಬರಗಾಲಗಳನ್ನು ಕಂಡ ಜೀವಿಗಳ ಮೈ ಅದನ್ನು ಬೇಕಾದಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ಮಯೋಸ್ಟಾಟಿನ್ ಸೇರಿರುವುದು ಟಿಜಿಎಫ್-ಬೀಟಾ ಎಂಬ ದೊಡ್ಡ ಪ್ರೋಟೀನು ಕುಟುಂಬಕ್ಕೆ. ಮೂಳೆಯನ್ನು ಹುಟ್ಟಿಸುವ ಬಿಎಂಪಿ ಎಂಬ ಅಂಶಗಳೂ ಇದೇ ಕುಟುಂಬದವು. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಶಸ್ತ್ರವೈದ್ಯರು ಸುಣ್ಣದ ಅಂಶವನ್ನು ತೆಗೆದುಹಾಕಿದ ಮೂಳೆಯ ತುಣುಕನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರು. ಸ್ನಾಯುವಿನ ನಡುವೆ ಹೊಸ ಮೂಳೆ ಬೆಳೆಯಿತು. ಸತ್ತ ಮೂಳೆಯಲ್ಲಿ ಉಳಿದಿದ್ದ ಯಾವುದೋ ವಸ್ತು ಅಕ್ಕಪಕ್ಕದ ಕೋಶಗಳನ್ನು ಮೂಳೆಕೋಶಗಳನ್ನಾಗಿ ಮಾರ್ಪಡಿಸಿತ್ತು. ಅದೇ ಬಿಎಂಪಿ. ಇದರ ಗ್ರಾಹಕಗಳಲ್ಲೊಂದು ಕೆಟ್ಟು, ಅನಾವಶ್ಯಕವಾಗಿ ಸದಾ ಚುರುಕಾಗಿದ್ದರೆ ಏನಾಗುತ್ತದೆ ಎಂಬುದನ್ನು ಅತಿ ವಿರಳವಾದ ಎಫ್‌ಒಪಿ ಕಾಯಿಲೆ ತೋರಿಸುತ್ತದೆ. ಅದರಲ್ಲಿ ಮಕ್ಕಳ ಸ್ನಾಯುಗಳು ಒಂದೊಂದಾಗಿ ಮೂಳೆಯಾಗುತ್ತಾ ಹೋಗುತ್ತವೆ, ಕೀಲುಗಳು ಅಲುಗಾಡದಂತೆ ಬಿಗಿಯುತ್ತವೆ. ಕಾರಣವಾದ ಜೀನ್ 2006ರಲ್ಲಿ ಗೊತ್ತಾಯಿತು. ಹುಟ್ಟಿದ ಮಗುವಿನ ಎರಡೂ ಕಾಲಿನ ಹೆಬ್ಬೆರಳು ಮೋಟಾಗಿ ಒಳಕ್ಕೆ ತಿರುಗಿರುವುದು ಆ ಕಾಯಿಲೆಯ ಮೊದಲ ಗುರುತು. ಅಂಥ ಮಗುವಿಗೆ ಸ್ನಾಯುವಿನೊಳಗೆ ಸೂಜಿ ಚುಚ್ಚಿದರೂ ಆ ಜಾಗ ಮೂಳೆಯಾಗಬಹುದು. ಹಾಗಾಗಿ ಅಂಥ ಹೆಬ್ಬೆರಳುಗಳನ್ನು ಕಂಡ ಕೂಡಲೇ ವೈದ್ಯರಿಗೆ ತೋರಿಸಬೇಕು.

ಒಂದೇ ಕುಟುಂಬದ ಅಂಶಗಳು ಸ್ನಾಯುವಿಗೆ ತಡೆಯಾಗಿ, ಮೂಳೆಗೆ ಪ್ರೇರಣೆಯಾಗಿ ನಡೆದುಕೊಳ್ಳುವುದರಿಂದ ಎರಡು ಅಂಗಗಳ ಬಾಳು ಜೊತೆಗೇ ಹೆಣೆದುಕೊಂಡಿದೆ. 2019ರ ಡಿಸೆಂಬರಿನಲ್ಲಿ ಸೆ-ಜಿನ್ ಲೀ ಮತ್ತು ಎಮಿಲಿ ಜರ್ಮೇನ್-ಲೀ ದಂಪತಿ 40 ಇಲಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದರು. ಭಾರವೇ ಇಲ್ಲದ ಅಲ್ಲಿ ಸಾಧಾರಣ ಇಲಿಗಳ ಸ್ನಾಯುವೂ ಮೂಳೆಯೂ ಸೊರಗಿದವು. ಮಯೋಸ್ಟಾಟಿನ್ ಮತ್ತು ಅದರ ಸಂಬಂಧಿಯಾದ ಆಕ್ಟಿವಿನ್ ಅನ್ನು ಹಿಡಿದಿಡುವ ಔಷಧಿ ಕೊಟ್ಟ ಇಲಿಗಳಲ್ಲಿ ಎರಡೂ ಉಳಿದವು.

ಮೂಳೆಯ ಒಳಗಿನ ವ್ಯವಹಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಸ್ಟಿಯೋಕ್ಲಾಸ್ಟ್ ಕೋಶಗಳು ಹಳೆಯ ಮೂಳೆಯನ್ನು ಆಮ್ಲದಿಂದ ಕರಗಿಸುತ್ತವೆ. ಆಸ್ಟಿಯೋಬ್ಲಾಸ್ಟ್ ಕೋಶಗಳು ಆ ಗುಳಿಯಲ್ಲಿ ಹೊಸದನ್ನು ಕಟ್ಟುತ್ತವೆ. ಕಟ್ಟುವವು ಆ ಜಾಗಕ್ಕೇ ಹೇಗೆ ಬರುತ್ತವೆ? ಮೂಳೆ ಕಟ್ಟಿಕೊಳ್ಳುವಾಗ ಅದರ ಗಟ್ಟಿ ಪದರದೊಳಗೆ ಟಿಜಿಎಫ್-ಬೀಟಾ ಮತ್ತು ಐಜಿಎಫ್-1 ಸೇರಿಕೊಂಡಿರುತ್ತವೆ. ಹಿಂದಿನವರು ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ಬಾಯಿ ತೆರೆಯುತ್ತಿದ್ದ ಹಾಗೆ, ಹಳೆಯ ಮೂಳೆ ಕರಗಿದಾಗ ಕೂಡಿಟ್ಟ ಈ ಅಂಶಗಳು ಹೊರಬಂದು ಕಟ್ಟುವ ಕೋಶಗಳನ್ನು ಅಲ್ಲಿಗೇ ಕರೆಯುತ್ತವೆ.

ಕರಗಿಸುವ, ಕಟ್ಟುವ ಈ ಎರಡು ಬಗೆಯ ಕೋಶಗಳ ಮೇಲೆ ನಿಗಾ ಇಡುವುದು ಮೂರನೆಯ ಬಗೆಯ ಕೋಶ, ಆಸ್ಟಿಯೋಸೈಟ್. ಮೂಳೆಯ ಕೋಶಗಳಲ್ಲಿ ಶೇ. 90ಕ್ಕೂ ಹೆಚ್ಚು ಇವೇ. ಗಟ್ಟಿ ಮೂಳೆಯೊಳಗೆ ಹುದುಗಿ, ಕೂದಲಿಗಿಂತ ಸಣ್ಣ ಕಾಲುವೆಗಳ ಮೂಲಕ ಒಂದಕ್ಕೊಂದು ಕೈ ಚಾಚಿಕೊಂಡಿರುತ್ತವೆ. ಕಾಲುವೆಗಳಲ್ಲಿ ದ್ರವವಿದೆ. ಹೆಂಗಸೊಬ್ಬಳು ಹೊಲದ ಬದುವಿನಿಂದ ಹುಲ್ಲಿನ ಹೊರೆ ಎತ್ತಿ ತಲೆಯ ಮೇಲಿಟ್ಟುಕೊಂಡಾಗ ಅವಳ ಬೆನ್ನುಮೂಳೆ, ಸೊಂಟ, ತೊಡೆಮೂಳೆಗಳು ಕಣ್ಣಿಗೆ ಕಾಣದಷ್ಟು ಬಾಗುತ್ತವೆ. ಪ್ರತಿ ಹೆಜ್ಜೆಗೂ ಬಾಗಿ ಬಿಡುತ್ತವೆ. ಆಗ ಕಾಲುವೆಯ ದ್ರವ ಅತ್ತಿತ್ತ ಹರಿಯುತ್ತದೆ, ಆಸ್ಟಿಯೋಸೈಟಿಗೆ ಭಾರ ಬಿತ್ತೆಂದು ಗೊತ್ತಾಗುತ್ತದೆ. ಸುಮ್ಮನಿದ್ದಾಗ ಆ ಕೋಶ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಬಿಡುತ್ತಿರುತ್ತದೆ. ಮೂಳೆ ಕಟ್ಟಲು ಹೇಳುವ ವಿಂಟ್ ಎಂಬ ಸಂಕೇತವನ್ನು ಅದು ತಡೆಯುತ್ತದೆ. ಭಾರ ಬಿದ್ದ ಜಾಗದಲ್ಲಿ ಸ್ಕ್ಲೆರೋಸ್ಟಿನ್ ಇಳಿಯುತ್ತದೆ, ವಿಂಟ್ ಬಿಡುಗಡೆಯಾಗುತ್ತದೆ, ಆ ಜಾಗದಲ್ಲೇ ಮೂಳೆ ಗಟ್ಟಿಯಾಗುತ್ತದೆ. ಸ್ಕ್ಲೆರೋಸ್ಟಿನ್ನಿನ ಪಾತ್ರ ತಿಳಿದದ್ದು ದಕ್ಷಿಣ ಆಫ್ರಿಕಾದ ಕೆಲವು ಕುಟುಂಬಗಳಿಂದ. ಆ ಜೀನ್ ಕೆಟ್ಟ ಅವರ ಮೂಳೆಗಳು ವಿಪರೀತ ದಪ್ಪವಾಗಿದ್ದವು. ಜೀನಿನ ಗುರುತು ಸಿಕ್ಕಿದ್ದು 2001ರಲ್ಲಿ.

ಸ್ನಾಯುವಿಗೂ ಭಾರದ ಸುದ್ದಿ ಬೇರೆ ದಾರಿಯಿಂದ ತಲುಪುತ್ತದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಡೋಲಿ ಹೊತ್ತು ಇಳಿಯುವವನ ತೊಡೆಯ ಮುಂಭಾಗದಲ್ಲಿ ಏನಾಗುತ್ತದೆ ನೋಡಿದರೆ ಇದು ತಿಳಿಯುತ್ತದೆ. ಹತ್ತುವಾಗ ಆ ಸ್ನಾಯು ಕುಗ್ಗುತ್ತಾ ಭಾರ ಎತ್ತುತ್ತದೆ. ಇಳಿಯುವಾಗ ಮಂಡಿ ಮಡಿಯುತ್ತದೆ, ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದು ಹಿಡಿಯಬೇಕು. ಉಸಿರು ಹಿಡಿಯುವುದು ಹತ್ತುವಾಗ, ಮಾರನೆಯ ದಿನ ತೊಡೆ ನೋಯುವುದು ಇಳಿದದ್ದಕ್ಕೆ. ಎಳೆತದಲ್ಲಿ ಎಳೆಗಳ ನಡುವೆ ಸೂಕ್ಷ್ಮ ಗಾಯಗಳಾಗುತ್ತವೆ. ಎಳೆಗಳ ಹೊರಮೈಗೆ ಅಂಟಿ ನಿದ್ರಿಸುತ್ತಿದ್ದ ಸ್ಯಾಟಲೈಟ್ ಕೋಶಗಳು ಎದ್ದು, ಬಹುಪಟ್ಟಾಗಿ, ಗಾಯದ ಜಾಗದಲ್ಲಿ ಬೆರೆಯುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮಾರೊ ಗುರುತಿಸಿದ ಕೋಶಗಳಿವು. ಸ್ಥಳದಲ್ಲೇ ಹುಟ್ಟುವ ಐಜಿಎಫ್-1 ಮತ್ತು ಇತರ ಅಂಶಗಳು ಇವಕ್ಕೆ ಪ್ರೇರಣೆ. ಅಷ್ಟೇ ಅಲ್ಲದೆ, ಎಳೆತವೇ ನೇರವಾಗಿ ಎಂಟಾರನ್ನು ಚುರುಕುಗೊಳಿಸುತ್ತದೆ. ಐಜಿಎಫ್ ಗ್ರಾಹಕ ಕೆಲಸ ಮಾಡದ ಇಲಿಗಳ ಸ್ನಾಯುವೂ ಭಾರ ಹಾಕಿದಾಗ ದಪ್ಪವಾಯಿತೆಂಬುದು 2008ರಲ್ಲಿ ಸಾಬೀತಾಗಿದೆ. ಒಮ್ಮೆ ಭಾರ ಹೊತ್ತದ್ದರ ಪರಿಣಾಮ ಒಂದೆರಡು ದಿನ ಇರುತ್ತದೆ.

ಆ ಒಂದೆರಡು ದಿನದಲ್ಲಿ ತಟ್ಟೆಯಲ್ಲಿ ಏನಿರುತ್ತದೆ ಎಂಬುದು ಮುಖ್ಯ. ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಿದ್ದರೆ ಎಂಟಾರ್ ಕೆಲಸ ಮುಂದುವರಿಸುತ್ತದೆ. ಕಟ್ಟಲು ಉಳಿದ ಅಮೈನೋ ಆಮ್ಲಗಳೂ ಬೇಕು, ಅವುಗಳಲ್ಲಿ ಲೈಸಿನ್ ಧಾನ್ಯಗಳಲ್ಲಿ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯ ಗಂಡಸರ ಮೇಲೆ ನಡೆಸಿದ ಅಧ್ಯಯನಗಳಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 30 ಮಿಲಿಗ್ರಾಂ ಲೈಸಿನ್ ಬೇಕೆಂದು ಕಂಡಿತು. 1985ರ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಇದ್ದದ್ದು 12 ಮಾತ್ರ. ಇಲ್ಲಿನ ಅಡುಗೆಮನೆಯ ಪಾಲಿಗೆ ಇದರ ಅರ್ಥ ಬಹಳ ದೊಡ್ಡದು. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 7 ಗ್ರಾಂ ಪ್ರೋಟೀನು, ಹುರುಳಿಯಲ್ಲಿ ಸುಮಾರು 22. ಮುದ್ದೆಯ ಜೊತೆ ಹುರುಳಿಕಾಳಿನ ಸಾರೋ ಅವರೆಕಾಳೋ ಇದ್ದರೆ ರಾಗಿಯ ಲೈಸಿನ್ ಕೊರತೆ ತುಂಬುತ್ತದೆ. ಆದರೆ ಕಾಳನ್ನು ಬೇಯಿಸಿ ಬಸಿದು, ಬರೀ ಕಟ್ಟನ್ನು ಹಿರಿಯರಿಗೆ ಬಡಿಸಿ ಕಾಳನ್ನು ಪಲ್ಯಕ್ಕೆ ಮಾಡಿ ಮಕ್ಕಳಿಗೋ ದುಡಿಯುವವರಿಗೋ ಹಾಕುವ ಮನೆಗಳುಂಟು. ಪ್ರೋಟೀನು ಹೆಚ್ಚಾಗಿ ಇರುವುದು ಕಾಳಿನಲ್ಲಿ. ಹಲ್ಲಿಲ್ಲದವರಿಗೆ ಕಾಳನ್ನು ನುರಿದು ಕೊಡಬಹುದು. ವಯಸ್ಸಾದಂತೆ ಸ್ನಾಯು ಅಷ್ಟೇ ಪ್ರೋಟೀನಿಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಆದ್ದರಿಂದ ಹಿರಿಯರ ತಟ್ಟೆಗೆ ಕಾಳು, ಹಾಲು, ಮೊಸರು ಹೆಚ್ಚು ಬೀಳಬೇಕು. ಡೇರಿಗೆ ಹಾಲು ಹಾಕಿ ಮನೆಗೆ ನೀರುಮಜ್ಜಿಗೆ ಉಳಿಸಿಕೊಳ್ಳುವ ಲೆಕ್ಕಾಚಾರ ಈ ದೃಷ್ಟಿಯಿಂದ ನಷ್ಟದ್ದು.

ಕ್ಯಾಲ್ಸಿಯಂ ವಿಷಯದಲ್ಲಿ ಧಾನ್ಯಗಳ ಪೈಕಿ ರಾಗಿಗೆ ಸಾಟಿಯಿಲ್ಲ. 100 ಗ್ರಾಮಿಗೆ ಸುಮಾರು 360 ಮಿಲಿಗ್ರಾಂ. ರಾಗಿಯ ಫೈಟೇಟ್ ಅದರಲ್ಲಿ ಸ್ವಲ್ಪವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಮೂಳೆಯ ಸಾಮಗ್ರಿಯಾದರೂ ಮೂಳೆ ಕಟ್ಟು ಎಂಬ ಅಪ್ಪಣೆಯನ್ನು ಅದು ಕೊಡಲಾರದು. ಭಾರವೇ ಬೀಳದ ಮೂಳೆಗೆ ಮಾತ್ರೆ ಮಾತ್ರದಿಂದ ಹೆಚ್ಚಿನ ಉಪಕಾರ ಆಗುವುದಿಲ್ಲ.

ಈ ಸಂಕೇತಗಳು ಕೆಲಸ ಶುರುಮಾಡುವುದು ಗರ್ಭದಲ್ಲಿ. ಭ್ರೂಣದ ಬೆಳವಣಿಗೆಗೆ ಐಜಿಎಫ್-1 ಮತ್ತು ಐಜಿಎಫ್-2 ಬೇಕು, ತಾಯಿಯ ಊಟ ಸಾಲದಿದ್ದರೆ ಐಜಿಎಫ್-1 ಇಳಿಯುತ್ತದೆ. ಸ್ನಾಯು ಎಳೆಗಳ ಸಂಖ್ಯೆ ಬಹುಮಟ್ಟಿಗೆ ಹುಟ್ಟುವ ಹೊತ್ತಿಗೇ ನಿಶ್ಚಯವಾಗಿರುತ್ತದೆ. ಮುಂದೆ ಆಗುವುದು ಇರುವ ಎಳೆಗಳು ದಪ್ಪವಾಗುವುದು. ಇದರ ಹತ್ತಿರದ ಸಾಕ್ಷ್ಯ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ 1934ರಿಂದ ಹೆರಿಗೆಯ ದಾಖಲೆಗಳನ್ನು, ಮಗುವಿನ ತೂಕ ಉದ್ದಗಳ ಸಮೇತ ಜೋಪಾನ ಮಾಡಿತ್ತು. 1997-98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರಿಂದ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹುಟ್ಟುವಾಗ ತೂಕ ಮತ್ತು ತೋಳಿನ ಸ್ನಾಯು ಚೆನ್ನಾಗಿದ್ದ ಮಕ್ಕಳ ಕೈ ಹಿಡಿತ 9ನೇ ವಯಸ್ಸಿನಲ್ಲೂ ಬಲವಾಗಿತ್ತು. ಆ ತಾಯಂದಿರಲ್ಲಿ ಸುಮಾರು ಮೂರನೇ ಎರಡು ಪಾಲು ಜನರಿಗೆ ಬಸಿರಿನಲ್ಲಿ ವಿಟಮಿನ್ ಡಿ ಕೊರತೆಯಿತ್ತು. ಅವರ ಮಕ್ಕಳ ತೋಳಿನ ಸ್ನಾಯು 5ನೇ ವಯಸ್ಸಿನಲ್ಲೂ ಒಂಬತ್ತೂವರೆಯಲ್ಲೂ ಉಳಿದವರಿಗಿಂತ ತುಸು ತೆಳ್ಳಗಿತ್ತು, ಹಿಡಿತದ ಬಲದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮೈಸೂರಿನ ಬಿಸಿಲಿಗೆ ಕೊರತೆಯಿಲ್ಲ, ಆ ಬಿಸಿಲು ಹೆಂಗಸರ ಮೈಗೆ ತಾಕುವುದಿಲ್ಲ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೆ ಎರಡರಂತೆ ಕೊಡುವ ಕ್ಯಾಲ್ಸಿಯಂ ಮಾತ್ರೆಯಲ್ಲಿ ವಿಟಮಿನ್ ಡಿ ಕೂಡ ಇರುತ್ತದೆ. ಅದನ್ನು ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು.

ನಡುವಯಸ್ಸಿನಲ್ಲಿ ಹೆಂಗಸರ ಮೂಳೆಗೆ ಬರುವ ಕುತ್ತು ಮುಟ್ಟು ನಿಲ್ಲುವುದರೊಂದಿಗೆ. ಈಸ್ಟ್ರೋಜನ್ ಇರುವವರೆಗೆ ಮೂಳೆ ಕರಗಿಸುವ ಕೋಶಗಳನ್ನು ಹುಟ್ಟಿಸುವ ರ್‍ಯಾಂಕ್‌ಎಲ್ ಎಂಬ ಅಂಶ ಹತೋಟಿಯಲ್ಲಿರುತ್ತದೆ. ಈಸ್ಟ್ರೋಜನ್ ಇಳಿದರೆ ಅದು ಏರುತ್ತದೆ, ಮೊದಲ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಮೂವತ್ತೈದು ನಲವತ್ತರಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ಸವೆತ ಅಷ್ಟು ಬೇಗ ಶುರುವಾಗುತ್ತದೆ. ಮನೆಭೇಟಿಯಲ್ಲಿ ಆಪರೇಷನ್ ಆಗಿದೆಯೇ ಎಂದು ಕೇಳುವಾಗ ಅಂಡಾಶಯ ಉಳಿದಿದೆಯೇ ಎಂದೂ ಕೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಬರೆದಿರುತ್ತದೆ.

ಹಿರಿಯರನ್ನು ಕೂರಿಸಿಬಿಡುವುದು ಈ ಸೀಮೆಯ ಮನೆಗಳಲ್ಲಿ ಪ್ರೀತಿಯಿಂದಲೇ ನಡೆಯುತ್ತದೆ. ‘ನೀವು ಕೂತ್ಕಳಿ ಅಜ್ಜಿ, ನಾವು ಮಾಡ್ಕತೀವಿ’ ಎಂಬ ಮಾತಿನಲ್ಲಿ ಗೌರವವಿದೆ. ಅಜ್ಜಿಯ ತೊಡೆಗೆ ಮಾತ್ರ ಅದು ಬೇರೆ ಸುದ್ದಿಯಾಗಿ ತಲುಪುತ್ತದೆ: ಸ್ಕ್ಲೆರೋಸ್ಟಿನ್ ಏರುತ್ತದೆ, ಫಾಕ್ಸೋ ಒಳಗೆ ಹೋಗುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವೃದ್ಧರು ಕೇವಲ 10 ದಿನ ಹಾಸಿಗೆಯಲ್ಲಿದ್ದು ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕಳೆದುಕೊಂಡರು. ಹೋದದ್ದು ವಾಪಸು ಬರುವುದೂ ಉಂಟು. 1990ರಲ್ಲಿ ಮರಿಯಾ ಫಿಯಟರೋನ್ ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ 10 ಜನರಿಗೆ 8 ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದರು. ತೊಡೆಯ ಸ್ನಾಯು ಶೇ. 9ರಷ್ಟು ಹೆಚ್ಚಿತು, ಬಲ ಸರಾಸರಿ ಶೇ. 174ರಷ್ಟು. ಇಲ್ಲಿ ಅದಕ್ಕೆ ಯಂತ್ರ ಬೇಕಿಲ್ಲ. ಗೋಡೆಗೆ ಒತ್ತಿ ಇಟ್ಟ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು, ದಿನಕ್ಕೆ ಎರಡು ಸರತಿ ಹತ್ತು ಹತ್ತು ಸಲ. ಕೂರುವಾಗಿನ ನಿಧಾನವೇ ಡೋಲಿಯವನ ಇಳಿಯುವ ಮೆಟ್ಟಿಲಿನ ಕೆಲಸ ಮಾಡುತ್ತದೆ. ಒಂದೂ ಸಲ ಏಳಲಾಗದವರು ಮುಂದಿನ ದಿನಗಳಲ್ಲಿ ಬೀಳುವ ಸಂಭವ ಹೆಚ್ಚು, ಅವರ ಹೆಸರು ಮೊದಲು ಬರೆದುಕೊಳ್ಳಬೇಕಾದದ್ದು. ಮೂಳೆ ಈಗಾಗಲೇ ಮುರಿದವರಿಗೆ, ಗೂನು ಬಿದ್ದವರಿಗೆ ತಲೆಹೊರೆಯೂ ಬಾಗಿ ಎತ್ತುವುದೂ ಆಗದು. ಅವರಿಗೆ ವೈದ್ಯರ ಸಲಹೆಯಂತೆ ಮಾತ್ರ.

ಪೇಟೆಯ ಜಿಮ್‌ಗಳಲ್ಲಿ ಹುಡುಗರಿಗೆ ಆಸೆ ತೋರಿಸುವ ಬೆಳವಣಿಗೆಯ ಹಾರ್ಮೋನು, ಐಜಿಎಫ್-1 ಚುಚ್ಚುಮದ್ದುಗಳ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಈ ಅಂಶಗಳು ಎಲ್ಲ ಕೋಶಗಳಿಗೂ ಬೆಳೆ ಎಂದೇ ಹೇಳುತ್ತವೆ, ಗಡ್ಡೆಯ ಕೋಶಗಳಿಗೂ. ಕ್ರೀಡೆಯಲ್ಲಿ ಇವೆಲ್ಲ ನಿಷಿದ್ಧ. ಮಯೋಸ್ಟಾಟಿನ್ ತಡೆಯುವ ಔಷಧಿಗಳದ್ದು ಇನ್ನೂ ಕುತೂಹಲದ ಕಥೆ. ಬಿಮಾಗ್ರುಮ್ಯಾಬ್ ಎಂಬುದನ್ನು ಸ್ನಾಯು ಸೊರಗಿದ ವೃದ್ಧರಿಗೆ ಕೊಟ್ಟಾಗ ಸ್ನಾಯು ಹೆಚ್ಚಿತು. ಆದರೆ ಊಟ ಮತ್ತು ವ್ಯಾಯಾಮ ಮಾತ್ರ ಪಡೆದವರಿಗಿಂತ ಅವರು ಚೆನ್ನಾಗಿ ನಡೆದಾಡಲಿಲ್ಲ.

ಮೂಳೆಯ ಔಷಧಿಗಳು ಇದಕ್ಕಿಂತ ಮುಂದೆ ಹೋಗಿವೆ. ಸ್ಕ್ಲೆರೋಸ್ಟಿನ್ನನ್ನು ಹಿಡಿದಿಡುವ ರೊಮೊಸೊಜುಮ್ಯಾಬ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹತ್ತಿರದಲ್ಲಿ ಹೃದಯಾಘಾತ, ಲಕ್ವ ಆದವರಿಗೆ ಅದನ್ನು ಕೊಡುವುದಿಲ್ಲ. ರ್‍ಯಾಂಕ್‌ಎಲ್ ಅನ್ನು ತಡೆಯುವ ಡೆನೊಸುಮ್ಯಾಬ್ 2010ರಿಂದ ಬಳಕೆಯಲ್ಲಿದೆ, ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಚುಚ್ಚುಮದ್ದು. ಅದನ್ನು ನಡುವೆ ಬಿಟ್ಟರೆ ಅಲ್ಲಿಯವರೆಗೆ ಅದುಮಿಟ್ಟಿದ್ದ ಕರಗಿಸುವ ಕೋಶಗಳು ಒಮ್ಮೆಲೇ ಎದ್ದು, ಗಳಿಸಿದ ಮೂಳೆ ಬೇಗನೆ ಹೋಗುತ್ತದೆ. ಬೆನ್ನುಮೂಳೆಯ ಹಲವು ಮಣಿಗಳು ಒಟ್ಟಿಗೆ ಕುಸಿದ ಉದಾಹರಣೆಗಳಿವೆ. ಹಾಸನಕ್ಕೋ ಮೈಸೂರಿಗೋ ಹೋಗಿ ಅದನ್ನು ಹಾಕಿಸಿಕೊಂಡು ಬಂದವರ ಮುಂದಿನ ತಾರೀಖು ಆಶಾ ಡೈರಿಯಲ್ಲಿ ಇರಬೇಕು. ನಿಲ್ಲಿಸುವುದಾದರೆ ಬದಲಿ ಔಷಧಿ ಶುರುಮಾಡಿಸಿಯೇ ನಿಲ್ಲಿಸಬೇಕು.